ಮುತ್ತಜ್ಜನ ತೋಪಿನ ಮೇಲೊಂದು ಬನಿಯನ್

ಅಜ್ಜಿ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಆ ಸದ್ದು ನಿಲ್ಲುವುದರೊಳಗೆ ತೋಪು ಕಾಣಿಸಲೇಬೇಕಿತ್ತು.

ಅಂಕಿತಾ ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು, ಗೋಡೆಯ ಫೋಟೋದ ಗಾಜನ್ನು ಸ್ಕೇಲಿನಿಂದ ಕೆರೆಯುತ್ತಿದ್ದಳು. ಕೊಬ್ಬರಿ ಎಣ್ಣೆ ಸವರುವುದು, ಕೆರೆಯುವುದು, ಮತ್ತೆ ಸವರುವುದು. ಹಳೆಯ ಕುಂಕುಮ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಅವಳ ಮೂಗು ಕೆಂಪು, ಕೈ ಕೆಂಪು, ಬಿಳಿ ಯೂನಿಫಾರ್ಮಿನ ಗತಿಯನ್ನಂತೂ ಕೇಳಲೇಬೇಡಿ.

ಫೋಟೋದಲ್ಲಿ ಒಬ್ಬ ಎಳೆಯ ಹುಡುಗ ಹಡಗಿನ ಮೇಲೆ ನಿಂತಿದ್ದ. ತಲೆಗೆ ಬಿಳಿ ಟೋಪಿ, ಕೈಗಳು ಮೊಣಕೈವರೆಗೂ ಕಪ್ಪು. ಅವನೇ ಮುದಕಪ್ಪ, ಅಂಕಿತಾಳ ಮುತ್ತಜ್ಜ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಟಗೇರಿಯ ಮಗ್ಗ ಬಿಟ್ಟು ಮುಂಬಯಿಗೆ ಹೋಗಿ ನೌಕಾಪಡೆ ಸೇರಿದ್ದ. ಅವನ ಪಕ್ಕದಲ್ಲಿ ಗುಂಡು ಹಾರಿಸುವ ದೊಡ್ಡದೊಂದು ತೋಪಿದೆ ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಆದರೆ ಅದನ್ನು ಕಣ್ಣಾರೆ ನೋಡಿದವರು ಈಗ ಯಾರೂ ಇರಲಿಲ್ಲ.

ಅದಕ್ಕೆ ಕಾರಣ ಖಂಡೇಪೂಜೆ, ಅಂದರೆ ಆಯುಧಪೂಜೆ. ಮಹಾನವಮಿಯ ದಿನ ಓಣಿಯ ಎಲ್ಲರೂ ತಮ್ಮ ತಮ್ಮ ಮಗ್ಗ, ತಕ್ಕಡಿ, ಬೈಕುಗಳಿಗೆ ಪೂಜೆ ಮಾಡುತ್ತಾರೆ. ಮುತ್ತಜ್ಜನ ಆಯುಧ ಹಡಗಿನಲ್ಲೇ ಉಳಿಯಿತಲ್ಲ ಎಂದು ಮುತ್ತಜ್ಜಿ ಫೋಟೋದ ತೋಪಿಗೇ ಕುಂಕುಮ ಹಚ್ಚಿದಳು. ಅವಳಾದ ಮೇಲೆ ಅಜ್ಜಿ ಹಚ್ಚಿದಳು. ಹಚ್ಚಿದ ಕುಂಕುಮ ಒರೆಸಬಾರದು ಎಂಬುದು ಅಜ್ಜಿಯ ಕಾನೂನು. ವರ್ಷ ವರ್ಷ ಪದರ ಏರಿ, ಮುತ್ತಜ್ಜನ ಪಕ್ಕದಲ್ಲಿ ಈಗ ಒಂದು ಕೆಂಪು ಗುಡ್ಡವಷ್ಟೇ ಉಳಿದಿತ್ತು.

ಹಾಗೇ ಉಳಿದಿದ್ದರೆ ಚೆನ್ನಾಗಿತ್ತು. ಆದರೆ ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರಲ್ಲ, ಅಂಕಿತಾ ಆ ದಿನ ಕ್ಲಾಸಿನಲ್ಲಿ ಬಾಯಿ ಬಿಟ್ಟಿದ್ದಳು.

ಶನಿವಾರ ಶಾಲೆಯಲ್ಲಿ ಹಳೆಯ ವಸ್ತುಗಳ ಪ್ರದರ್ಶನ ಎಂದು ಸುನಿತಾ ಟೀಚರ್ ಹೇಳಿದ್ದರು. ಶಫೀಕ ತನ್ನ ಅಜ್ಜನ ರೇಡಿಯೋ ತರುತ್ತೇನೆ ಎಂದ. ಅಂಕಿತಾಗೆ ಸುಮ್ಮನಿರಲು ಆಗಲಿಲ್ಲ.

"ನಮ್ಮ ಮನ್ಯಾಗ ಮುತ್ತಜ್ಜನ ತೋಪಿನ ಫೋಟೋ ಐತ್ರಿ ಟೀಚರ್! ಹಡಗಿನ ಮ್ಯಾಲ ನಿಂತು ಧಡ್ ಧಡ್ ಅಂತ ಗುಂಡು ಹಾರಿಸ್ಯಾನ್ರಿ!"

"ಎಷ್ಟ ಗುಂಡು?" ಎಂದು ಶಫೀಕ ಕೇಳಿದ.

ಅಂಕಿತಾಗೆ ತಟ್ಟನೆ ಅಜ್ಜಿಯ ಜಪಮಾಲೆ ನೆನಪಾಯಿತು. "ನೂರಾ ಎಂಟು," ಎಂದಳು.

ಟೀಚರ್ ಖುಷಿಪಟ್ಟು ಅವಳಿಗೆ ನಡುವಿನ ದೊಡ್ಡ ಟೇಬಲ್ ಕೊಟ್ಟರು. ಶಫೀಕ ಮಾತ್ರ, "ಸಂಜೀಕ ನಿಮ್ಮ ಮನೀಗೆ ಬರ್ತೀನಿ. ತೋಪು ತೋರ್ಸು," ಎಂದಿದ್ದ.

ಅದಕ್ಕೇ ಈ ಕೆರೆತ. ಕೊನೆಯ ದೊಡ್ಡ ಚಕ್ಕೆ ಟಪ್ಪೆಂದು ಕೆಳಗೆ ಬಿತ್ತು. ಅಂಕಿತಾ ಗಾಜು ಒರೆಸಿ ಕಣ್ಣು ಹಿಗ್ಗಿಸಿ ನೋಡಿದಳು.

ಹಡಗಿನ ನೆಲದಿಂದ ಒಂದು ದಪ್ಪ ಕೊಳವೆ ಎದ್ದು, ಮೇಲೆ ಬಾಗಿ, ಇಷ್ಟಗಲ ಬಾಯಿ ತೆರೆದು ನಿಂತಿತ್ತು. ಅದು ಹೋಗಲಿ. ಆ ಬಾಯಿಯ ಅಂಚಿನಲ್ಲಿ ಒಂದು ಬನಿಯನ್ ನೇತಾಡುತ್ತಿತ್ತು. ತೋಳಿಲ್ಲದ ಬನಿಯನ್. ಅಪ್ಪ ಹಾಕಿಕೊಳ್ಳುತ್ತಾನಲ್ಲ, ಥೇಟ್ ಅಂಥದ್ದೇ.

ಗುಡ್ಡ ಅಗೆದು ಇಲಿ ಹಿಡಿಯುವುದು ಎಂದರೆ ಇದೇ.

ಅಷ್ಟರಲ್ಲಿ ಮುಂದಿನ ಕೋಣೆಯಿಂದ ಅಪ್ಪನ ಕೂಗು ಕೇಳಿಸಿತು. "ಮತ್ತ ಕಡೀತು ನೋಡು ಎಳಿ! ಈ ಹುಚ್ಚ ಕಿಟಕಿ ನನ್ನ ಜೀವಾ ತಿನ್ನಾಕತ್ತೈತಿ!"

ಇದು ದಿನಾ ಇರುವ ಗಲಾಟೆ. ನೇಕಾರರು ಮಗ್ಗದ ಕೋಣೆಗೆ ಗಾಳಿ ಬಿಡುವುದಿಲ್ಲ. ಗಾಳಿಗೆ ಎಳೆ ಒಣಗಿ ಪಟಪಟ ಕಡಿಯುತ್ತವೆ. ಆದರೆ ಮುತ್ತಜ್ಜ ಮಗ್ಗದ ಎದುರಿಗೇ, ಗಾಳಿ ಬೀಸುವ ದಿಕ್ಕಿಗೇ, ಗೋಡೆ ಒಡೆಸಿ ದೊಡ್ಡ ಕಿಟಕಿ ಇಡಿಸಿಬಿಟ್ಟಿದ್ದ. ಅದಕ್ಕೆ ಕದವೂ ಇಲ್ಲ. ಅಪ್ಪ ಗೋಣಿಚೀಲ ತುರುಕಿದ್ದರೂ ಗದಗಿನ ಗಾಳಿ ಕೇಳಬೇಕಲ್ಲ! ಎಲ್ಲಾದರೂ ಸಂದಿ ಹುಡುಕಿ ಒಳಗೆ ನುಗ್ಗುತ್ತಿತ್ತು. ಗೋಡೆ ಕಟ್ಟಿ ಮುಚ್ಚೋಣ ಎಂದರೆ ಅಜ್ಜಿ ಬಿಡುತ್ತಿರಲಿಲ್ಲ. ಮಾವನವರು ಮಾಡಿಸಿದ ಕಿಟಕಿ ಹಾಗೇ ಇರಲಿ ಎನ್ನುತ್ತಿದ್ದಳು.

ಹಿತ್ತಲಲ್ಲಿ ಪಾತ್ರೆ ಸದ್ದು ನಿಂತಿದ್ದು ಅಂಕಿತಾಗೆ ಗೊತ್ತೇ ಆಗಲಿಲ್ಲ.

"ಅಯ್ಯ ಶಿವನ! ಏನ ಮಾಡೀಯ ಹುಡುಗಿ?"

ಅಜ್ಜಿ ಸಾವಿತ್ರೆವ್ವ ಬಾಗಿಲಲ್ಲಿ ನಿಂತಿದ್ದಳು. ನೆಲದ ಮೇಲಿನ ಕುಂಕುಮ ನೋಡಿದಳು, ಮೊಮ್ಮಗಳ ಮೂಗು ನೋಡಿದಳು. ಬೈಯಲು ಬಾಯಿ ತೆರೆದವಳು ಫೋಟೋ ನೋಡಿ ಹಾಗೇ ನಿಂತಳು. ಚಾಳೀಸು ಕಣ್ಣಿಗೆ ಏರಿಸಿಕೊಂಡು ಹತ್ತಿರ ಬಂದಳು.

"ಅಜ್ಜಿ, ಅದು ಬನಿಯನ್ ಐತಿ."

"ಕಾಣತೈತಿ."

"ಎಷ್ಟೋ ವರ್ಷದಿಂದ ನಾವು ಬನಿಯನ್ನಿಗೆ ಕುಂಕುಮ ಹಚ್ಚೇವಿ!"

ಅಜ್ಜಿ ಸೋಲುವ ಪೈಕಿ ಅಲ್ಲ. "ತೋಪು ಬಿಸಲಿಗೆ ಕಾಯಬಾರ್ದು ಅಂತ ಹೊಚ್ಯಾರ. ಅವರ ಕೈ ನೋಡು, ಹೆಂಗ ಕಪ್ಪಗ ಆಗ್ಯಾವು. ಅದು ಮದ್ದಿನ ಕಪ್ಪು!"

"ತೋಪಿಗೆ ಬನಿಯನ್ ಹೊಚ್ಚತಾರೇನ್ರಿ ಅಜ್ಜಿ?" ಶಫೀಕ ಆಗಲೇ ಬಂದು ಹೊಸ್ತಿಲ ಮೇಲೆ ನಿಂತಿದ್ದ. ಹೊಟ್ಟೆ ಹಿಡಿದುಕೊಂಡು ನಕ್ಕ. "ಗುಂಡು ಹಾರಿಸಿದ್ರ ಬನಿಯನ್ ಸೀದಾ ಜಪಾನಿಗೆ ಹೋಗಿ ಬೀಳತಿತ್ತು!"

"ಹಂಗಾದ್ರ ಅದು ಏನು ಅಂತ ನೀ ಹೇಳು ನೋಡೋಣು," ಎಂದು ಅಂಕಿತಾ ಸಿಟ್ಟಿನಿಂದ ಕೇಳಿದಳು.

ಶಫೀಕ ಫೋಟೋ ಕೆಳಗಿಳಿಸಿ ತಿರುಗಿಸಿ ತಿರುಗಿಸಿ ನೋಡಿದ. ಅವನಿಗೂ ಗೊತ್ತಿರಲಿಲ್ಲ.

ಇಬ್ಬರೂ ಫೋಟೋ ಹಿಡಿದುಕೊಂಡು ಓಣಿಯೆಲ್ಲ ಸುತ್ತಿದರು. ಅಪ್ಪ ಮುತ್ತಣ್ಣ ಮಗ್ಗದಿಂದಲೇ ಕತ್ತು ಚಾಚಿ, "ಗ್ರಾಮಫೋನ್. ಹಡಗಿನ್ಯಾಗ ಹಾಡು ಕೇಳತಿರಬೇಕು," ಎಂದ. ಮಿರ್ಚಿ ಭಜಿ ಅಂಗಡಿಯ ತಿರಕಪ್ಪ, "ಒಲಿ ಹೊಗಿ ಹೋಗೂ ಕೊಳವಿ. ಅಲ್ಲೂ ಭಜಿ ಕರೀತಿದ್ರು ಕಾಣಸ್ತೈತಿ," ಎಂದ. ಶಫೀಕನ ತಾಯಿ ಸಾಬೀರಾ ಖಾಲಿ ಕೊಡಗಳ ನಡುವೆ ಕುಳಿತು ನೀರಿನ ದಾರಿ ಕಾಯುತ್ತಿದ್ದಳು. "ಇದು ನಳ. ಇಂಥಾದ್ದೊಂದು ನಮ್ಮ ಓಣಿಗೆ ಕೂಡಸ್ರಿ ಅಂತ ಯಾರಿಗರ ಹೇಳ್ರೆಪಾ," ಎಂದಳು.

ರಾತ್ರಿ ಅಂಕಿತಾ ಫೋಟೋವನ್ನು ಮತ್ತೆ ಗೋಡೆಗೆ ತಗುಲಿಸಿ ಅದರ ಕೆಳಗೇ ಕುಳಿತಳು. ಅದು ತೋಪು ಅಲ್ಲದಿದ್ದರೆ ಶನಿವಾರ ಇಡೀ ಶಾಲೆ ನಗುತ್ತದೆ. ನಡುವಿನ ಟೇಬಲ್, ನೂರಾ ಎಂಟು ಗುಂಡು, ಎಲ್ಲ ನಗೆಪಾಟಲು. ಅದನ್ನಾದರೂ ಹೇಗೋ ತಡೆದುಕೊಳ್ಳಬಹುದು. ಆದರೆ ಅಜ್ಜಿ? ಮನೆಗೆ ಯಾರೇ ಬರಲಿ, ಚಹಾ ಕೊಡುವ ಮೊದಲು ಅಜ್ಜಿ ಹೇಳುತ್ತಿದ್ದದ್ದು ಮಾವನವರ ತೋಪಿನ ಕತೆ. ಅಜ್ಜಿಯ ಕೈಯಿಂದ ತೋಪು ಕಿತ್ತುಕೊಂಡ ಹಾಗಾಗುತ್ತದಲ್ಲ ಎಂದು ಅಂಕಿತಾಗೆ ಸಂಕಟವಾಯಿತು. ಕುಂಕುಮ ಕೆರೆಯಲೇಬಾರದಿತ್ತು.

ಮರುದಿನ ಸುನಿತಾ ಟೀಚರ್ ಫೋಟೋ ನೋಡಿ ನಗಲಿಲ್ಲ. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡರು.

"ಹಳೇ ಹಡಗಿನ ಹುಚ್ಚು ಹಿಡಿದವರ ಗುಂಪು ಒಂದು ಇಂಟರ್ನೆಟ್‌ನ್ಯಾಗ ಐತಿ. ಹಳೇ ಫೋಟೋದಾಗಿನ ಸಾಮಾನು ಏನು ಅಂತ ಕಂಡುಹಿಡಿಯೂದ ಅವರ ಕೆಲಸ. ಅವರನ್ನ ಕೇಳೋಣು," ಎಂದರು.

ಅಲ್ಲೂ ಓಣಿಯ ಕತೆಯೇ ಆಯಿತು! ಒಬ್ಬ ಹೊಗೆಯ ಕೊಳವೆ ಎಂದ. ಇನ್ನೊಬ್ಬ ಲೌಡ್‌ಸ್ಪೀಕರ್ ಎಂದ. ಅವರಿಬ್ಬರೂ ಜಗಳಕ್ಕೆ ನಿಂತರು. ಮೂರನೆಯವನು ಯಂತ್ರವನ್ನೇ ಬಿಟ್ಟು, ಆ ಬನಿಯನ್ ಸರಕಾರದ್ದೋ ಸ್ವಂತದ್ದೋ ಎಂದು ವಿಚಾರಣೆ ಶುರು ಮಾಡಿದ. ಟೀಚರ್ ಓದಿ ಓದಿ ಕನ್ನಡದಲ್ಲಿ ಹೇಳುತ್ತಿದ್ದರೆ ಶಫೀಕ ಬೆಂಚು ಬಡಿದು ನಗುತ್ತಿದ್ದ.

ಶುಕ್ರವಾರ ಸ್ಕಾಟ್ಲೆಂಡಿನ ಒಬ್ಬ ಮುದುಕರು ಒಂದೇ ಒಂದು ಪ್ರಶ್ನೆ ಕೇಳಿದರು. ಬಾಯಿಯ ಹಿಂಭಾಗದಲ್ಲಿ ಹಿಡಿಕೆ ಇದೆಯೇ?

ಮೊಬೈಲಿನ ಚಿತ್ರ ದೊಡ್ಡದು ಮಾಡಿ ನೋಡಿದರು. ಮೂರೂ ತಲೆಗಳು ಢಿಕ್ಕಿ ಹೊಡೆದವು. "ಐತ್ರಿ!" ಎಂದು ಶಫೀಕ ಕಿರುಚಿದ. ಮುತ್ತಜ್ಜನ ಒಂದು ಕಪ್ಪು ಕೈ ಆ ಹಿಡಿಕೆಯ ಮೇಲೇ ಇತ್ತು.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಟೀಚರ್ ನಿಧಾನವಾಗಿ ಓದಿದರು. ಅದು ಗಾಳಿಯ ಕೊಳವೆ. ಹಡಗಿನ ಹೊಟ್ಟೆಯೊಳಗೆ, ನೀರಿನ ಮಟ್ಟಕ್ಕಿಂತ ಕೆಳಗೆ, ಬೆಂಕಿಗೆ ಕಲ್ಲಿದ್ದಲು ತುಂಬುವ ಜನ ಇರುತ್ತಿದ್ದರು. ಅಲ್ಲಿ ಕಿಟಕಿ ಇಲ್ಲ, ಬೆಳಕಿಲ್ಲ, ಬರೀ ಬೆಂಕಿಯ ಧಗೆ. ಮೇಲಿನ ಗಾಳಿ ಅವರಿಗೆ ಇಳಿಯುತ್ತಿದ್ದದ್ದು ಈ ಕೊಳವೆಯಿಂದ. ಗಾಳಿ ಯಾವ ಕಡೆ ಬೀಸಿದರೆ ಆ ಕಡೆಗೆ ಹಿಡಿಕೆ ಹಿಡಿದು ಇದರ ಬಾಯಿ ತಿರುಗಿಸುತ್ತಿದ್ದರು. ಈ ಹುಡುಗನ ಕೈ ನೋಡಿದರೆ ಇವನೂ ಕಲ್ಲಿದ್ದಲಿನವನೇ ಇರಬೇಕು. ನಮ್ಮ ತಂದೆಯ ಕೈಗಳೂ ಹೀಗೇ ಇದ್ದವು ಎಂದು ಆ ಮುದುಕರು ಬರೆದಿದ್ದರು.

"ಗುಡ್ಡದ ಮ್ಯಾಲಿನ ಕರೆಂಟ್ ಮಾಡೂ ದೊಡ್ಡ ಫ್ಯಾನ್ ಇದ್ದಂಗ!" ಎಂದ ಶಫೀಕ. "ಅವೂ ಗಾಳಿ ಕಡೆ ಮಾರಿ ತಿರುಗಸ್ತಾವಲ್ಲ."

ಕೊನೆಗೆ ಇನ್ನೂ ಒಂದು ಸಾಲಿತ್ತು. ಅಲ್ಲಿ ಬಟ್ಟೆ ಬೇಗ ಒಣಗುತ್ತದೆ ಎಂದು ಕೆಲವರು ಕದ್ದು ಒಣಹಾಕುತ್ತಿದ್ದರಂತೆ. ಗಾಳಿ ನಿಂತಿತೆಂದು ಕೆಳಗಿನವರು ಅದೇ ಕೊಳವೆಯಿಂದ ಮೇಲಕ್ಕೆ ಬೈಗುಳ ಕಳಿಸುತ್ತಿದ್ದರಂತೆ.

ಟೀಚರ್ ನಕ್ಕರು. ಅಂಕಿತಾ ನಗಲಿಲ್ಲ. ತೋಪಿಲ್ಲ, ಗುಂಡಿಲ್ಲ. ಮುತ್ತಜ್ಜ ಕಲ್ಲಿದ್ದಲು ತುಂಬುತ್ತಿದ್ದ, ಅಷ್ಟೇ. ಇದನ್ನು ಅಜ್ಜಿಗೆ ಹೇಗೆ ಹೇಳುವುದು?

ಸಂಜೆ ಅಜ್ಜಿ ಕಟ್ಟೆಯ ಮೇಲೆ ಶೇಂಗಾಕಾಯಿ ಸುಲಿಯುತ್ತಿದ್ದಳು. ಅಂಕಿತಾ ಪಕ್ಕದಲ್ಲಿ ಕುಳಿತು ಎರಡು ಕಾಯಿ ಸುಲಿದಳು. ಮೂರನೆಯದನ್ನು ಕೈಯಲ್ಲೇ ಹಿಡಿದು, ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ಹೇಳಿ ಕಣ್ಣು ಮುಚ್ಚಿಕೊಂಡಳು.

ಅಜ್ಜಿ ಬೈಯಲಿಲ್ಲ. ಅವಳ ಕೈಯಲ್ಲಿದ್ದ ಕಾಯಿ ತೆಗೆದುಕೊಂಡು ತಾನೇ ಸುಲಿದಳು.

"ಬೆಂಕಿ ಮುಂದ ಇರತಿದ್ರಂತೇನು?" ಎಂದು ಕೇಳಿದಳು.

"ಹೂಂ."

"ಕಿಟಕಿ ಇರಲಿಲ್ಲಂತ?"

"ಒಂದೂ ಇರಲಿಲ್ಲಂತ ಅಜ್ಜಿ."

ಅಜ್ಜಿಯ ಕೈ ಮೊರದಲ್ಲೇ ನಿಂತಿತು. "ನಾ ಈ ಮನೀಗೆ ಸೊಸಿ ಆಗಿ ನಡ್ಯಾಕ ಬಂದಾಗ ನೋಡೀನಿ. ಥಂಡಿ ದಿನದಾಗೂ ಮಾವನವರು ಇದ ಕಟ್ಟಿ ಮ್ಯಾಲ ಮಲಗತಿದ್ರು. ಯಾರರ ಕದಾ ಹಾಕಿದ್ರ ಗಾಬರಿ ಆಗಿ ಎದ್ದ ಬರತಿದ್ರು. ಆ ಕಿಟಕಿಯಿಂದ ದಿನಾ ಎಳಿ ಕಡೀತಿದ್ವು. ನಮ್ಮ ಅತ್ತಿ ದಿನಾ ಬೈತಿದ್ರು. ಮಾವನವರು ಕಡದ ಎಳಿ ಗಂಟ ಹಾಕ್ಕೋಂತ ಸುಮ್ನ ನಗತಿದ್ರು. ನಾವೆಲ್ಲಾ ಹುಚ್ಚ ಕಿಟಕಿ ಅಂದ್ವಿ."

"ತೋಪಲ್ಲ ಅಂತ ಅವರರ ಹೇಳಬೇಕಿತ್ತಲ್ಲ ಅಜ್ಜಿ?"

"ನಾವು ಕೇಳಿದ್ರ ಹೇಳತಿದ್ರು. ತೋಪು ಅಂತ ನಾವ ಅಂದ್ವಿ, ನಾವ ಕುಂಕುಮ ಹಚ್ಚಿದ್ವಿ." ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಂಕಿತಾಗೂ ಅಳು ಬಂತು. ಇಬ್ಬರೂ ಮೂಗು ಸೊರಸೊರ ಎನಿಸುತ್ತ ಶೇಂಗಾಕಾಯಿ ಸುಲಿದರು. ಆ ದಿನ ಕಾಳೆಲ್ಲ ಸಿಪ್ಪೆಯ ಬುಟ್ಟಿಗೆ, ಸಿಪ್ಪೆಯೆಲ್ಲ ಕಾಳಿನ ಬುಟ್ಟಿಗೆ ಬಿತ್ತು.

ಶನಿವಾರ ನಡುವಿನ ಟೇಬಲ್ ಮೇಲೆ ಫೋಟೋ ಇತ್ತು. ಪಕ್ಕದಲ್ಲಿ ಶಫೀಕ ರೇಡಿಯೋ ಮನೆಯಲ್ಲೇ ಬಿಟ್ಟು ತಯಾರಾಗಿ ನಿಂತಿದ್ದ. ಅವನ ಅಪ್ಪ ಕರೀಮಸಾಬನದು ಕೂಲರ್ ರಿಪೇರಿ ಅಂಗಡಿ. ಅಲ್ಲಿಂದ ತಗಡಿನ ದೊಡ್ಡ ಕೊಳವೆ, ಒಂದು ಟೇಬಲ್ ಫ್ಯಾನು ತಂದಿದ್ದ. ಫ್ಯಾನಿನ ಕಡೆ ಕೊಳವೆಯ ಬಾಯಿ ತಿರುಗಿಸಿದರೆ ಇನ್ನೊಂದು ತುದಿಯಲ್ಲಿ ಬರ್ರೆಂದು ಗಾಳಿ. ಮಕ್ಕಳು ಅದಕ್ಕೆ ಮುಖ ಒಡ್ಡಲು ಸಾಲು ನಿಂತರು. ಹೆಡ್‌ಮಾಸ್ತರ ಚನ್ನಬಸವಣ್ಣನವರೂ ಬಗ್ಗಿದರು. ತಲೆಯ ಮೇಲೆ ಎಡದಿಂದ ಬಲಕ್ಕೆ ಅಂಟಿಸಿಕೊಂಡಿದ್ದ ಕೂದಲು ನೆಟ್ಟಗೆ ಎದ್ದು ನಿಂತಿತು. ಯಾರೂ ನಗಲಿಲ್ಲ. ನಗಬಾರದೆಂದು ಇಡೀ ಶಾಲೆ ಕೆನ್ನೆ ಕಚ್ಚಿಕೊಂಡಿತ್ತು.

"ಏ ಅಂಕಿತಾ, ಎಷ್ಟ ಗುಂಡು?" ಎಂದು ಶಫೀಕ ಮೆಲ್ಲಗೆ ಕೆಣಕಿದ.

"ಒಂದೂ ಇಲ್ಲ," ಎಂದಳು ಅಂಕಿತಾ. ಹೇಳಿದ ಮೇಲೆ ಎದೆ ಹಗುರಾಯಿತು.

ಮುಂದಿನ ವಾರ ಖಂಡೇಪೂಜೆ ಬಂತು. ಮಗ್ಗ ತೊಳೆದು ಹೂ ಏರಿಸಿದ್ದರು. ಆ ದಿನ ಮಗ್ಗಕ್ಕೆ ರಜೆ, ಎಳೆ ಕಡಿಯುವ ಭಯವಿರಲಿಲ್ಲ. ಅಪ್ಪ ಯಾರಿಗೂ ಏನೂ ಹೇಳದೆ ಕಿಟಕಿಯ ಗೋಣಿಚೀಲ ಕಿತ್ತು ಹೊರಗೆ ಎಸೆದಿದ್ದ. ಗಾಳಿ ಕೋಣೆ ತುಂಬ ಓಡಾಡುತ್ತಿತ್ತು. ಅಜ್ಜಿ ದೀಪಕ್ಕೆ ಕೈ ಅಡ್ಡ ಹಿಡಿದು ನಿಂತಳು.

ಕುಂಕುಮದ ಬಟ್ಟಲು ಈ ಸಲ ಅಂಕಿತಾಳ ಕೈಯಲ್ಲಿತ್ತು. ಮಗ್ಗಕ್ಕೆ ಹಚ್ಚಿದಳು, ಲಾಳಿಗೆ ಹಚ್ಚಿದಳು. ಆಮೇಲೆ ಕಿಟಕಿಯ ಹತ್ತಿರ ಹೋಗಿ ಚೌಕಟ್ಟಿಗೂ ಒಂದು ಬೊಟ್ಟು ಇಟ್ಟಳು. ಗಾಳಿ ಮುಖಕ್ಕೆ ಬಡಿಯಿತು. ಕಣ್ಣು ಮುಚ್ಚಿ, ಎದೆ ತುಂಬ ಎಳೆದುಕೊಂಡಳು. ಮುತ್ತಜ್ಜ ಇಲ್ಲೇ ನಿಲ್ಲುತ್ತಿದ್ದನೇನೋ.

ಕೊನೆಗೆ ಫೋಟೋದ ಮುಂದೆ ಬಂದು ಸ್ಟೂಲು ಹತ್ತಿದಳು. ಗಾಳಿಯ ಕೊಳವೆಯ ಕಡೆ ಬೆರಳು ಚಾಚಿದಳು.

"ಸಣ್ಣಗ ಹಚ್ಚವಾ," ಎಂದಳು ಅಜ್ಜಿ ಕೆಳಗಿನಿಂದ. "ಬನಿಯನ್ನಿಗೆ ಹತ್ತೀತು ಮತ್ತ. ಒಗದು ಒಣಹಾಕ್ಯಾರ."