ಝಡ್ ಜಾಗದಲ್ಲಿ ವೈ

"ನಿಮ್ಮ ಲ್ಯಾಪ್‌ಟಾಪ್ ನೀವ ಒಯ್ರಿ. ಮದುಮಗಳ ಹೆಸರು ಅಳಿಸಿ ಕುಂತೈತಿ, ವಾಪಸ್ ತರವಲ್ದು."

ಶಿಗ್ಗಾಂವಿಯಿಂದ ಬಂದ ಚನ್ನೇಶ ಹೆಲ್ಮೆಟ್ ತೆಗೆಯುವ ಮೊದಲೇ ಈ ಮಾತು ಎದುರಾಯಿತು. ಆಡಿದವಳು ವಿದ್ಯಾಶ್ರೀ, ಸವಣೂರಿನ ಖಾದರಸಾಬರ ಲಗ್ನಪತ್ರಿಕೆ ಅಂಗಡಿಯಲ್ಲಿ ಡಿಸೈನ್ ಮಾಡುವ ಹುಡುಗಿ. ಅವನು ಹಳೆ ಲ್ಯಾಪ್‌ಟಾಪ್ ರಿಪೇರಿ ಮಾಡಿ ಮಾರುವವನು; ಈ ಅಂಗಡಿಗೂ ಒಂದನ್ನು ಮಾರಿದ್ದ.

ಕೀಬೋರ್ಡ್ ನೋಡಿ ಚನ್ನೇಶ ನಾಲಿಗೆ ಕಚ್ಚಿಕೊಂಡ.

"ತಪ್ಪು ನಂದರಿ. ಇದು ಜರ್ಮನಿ ಮಾಲು. ಅಲ್ಲಿ ಝಡ್ ಜಾಗಾದಾಗ ವೈ ಇರ್ತೈತಿ. ಅಳಿಸಿದ್ದು ವಾಪಸ್ ತರಾಕ ನೀವು ರೂಢಿ ಮ್ಯಾಲ ಕಂಟ್ರೋಲ್ ಝಡ್ ಒತ್ತೀರಿ, ಅದು ವೈ ಅಂತ ತಿಳಕೊಂಡೈತಿ."

"ಬೀಗರ ಮುಂದನೂ ಹಿಂಗ ಹೇಳ್ಲೇನ್ರಿ?"

ಅವನು ನಕ್ಕುಬಿಟ್ಟ. ಅವಳಿಗೆ ಸಿಟ್ಟು ಬರಬೇಕಿತ್ತು... ಬರಲಿಲ್ಲ. ಎಡವಟ್ಟಾಗಿದ್ದೇ ಅಲ್ಲಿ.

ಆ ದಿನ ಅವನು ಡಿಸೈನ್ ಸಾಫ್ಟ್‌ವೇರಿನಲ್ಲಿ ಆ ಒಂದು ಶಾರ್ಟ್‌ಕಟ್ಟನ್ನಷ್ಟೇ ಬದಲಿಸಿ ಹೋದ. ಮುಂದಿನ ವಾರ ಬ್ರಷ್ ದೊಡ್ಡದು ಮಾಡುವ ಬ್ರ್ಯಾಕೆಟ್ ಕೀ ಕೈಕೊಟ್ಟಿತು. ಮತ್ತೆ ಫೋನು, ಮತ್ತೆ ಬೈಕು. ಆಮೇಲೆ ಇನ್ನೊಂದು ಶಾರ್ಟ್‌ಕಟ್. ಬಂದಾಗೊಮ್ಮೆ ಒಂದೇ ಸರಿಮಾಡುವನು, ಖಾದರಸಾಬರು ತರಿಸಿದ ಚಹಾ ಕುಡಿಯುತ್ತ ಕೂರುವನು. ಅವನು ಹೋದ ಮೇಲೆ ವಿದ್ಯಾಶ್ರೀಗೆ ಕೂತಲ್ಲಿ ಕೂರಲಾಗದು.

ಒಂದು ಮಧ್ಯಾಹ್ನ ಮೊಬೈಲಿನಲ್ಲಿ ವಿಡಿಯೋ ನೋಡುತ್ತಿದ್ದವಳು ಥಟ್ಟನೆ ನೆಟ್ಟಗೆ ಕೂತಳು. ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ ಅಮೆರಿಕದ ಕೀಬೋರ್ಡ್ ಅಂತ ಆರಿಸಿದರೆ ಸಾಕು, ಎಲ್ಲ ಕೀಗಳೂ ಒಂದೇ ಏಟಿಗೆ ಸರಿಹೋಗುತ್ತಿದ್ದವು! ಕೀ ಮೇಲೆ ಏನೇ ಬರೆದಿರಲಿ, ಅವಳ ಬೆರಳಿಗೆ ಜಾಗ ಗೊತ್ತಿತ್ತು.

ಇಷ್ಟು ಸಣ್ಣದು ಅವನಿಗೆ ಗೊತ್ತಿರಲಿಲ್ಲವೇ? ನನ್ನನ್ನು ಕುಣಿಸಿ ಮಜಾ ನೋಡಿದನೇ?

ಹಲ್ಲು ಕಚ್ಚಿ ತಾನೇ ಸೆಟ್ಟಿಂಗ್ ಬದಲಿಸಿದಳು. ಎಲ್ಲ ಸರಿಹೋಯಿತು. ಆದರೆ ಸಂಜೆಯಾಗುತ್ತಲೇ ಇನ್ನೊಂದು ವಿಚಾರ ಚುಚ್ಚತೊಡಗಿತು... ಇನ್ನು ಅವನನ್ನು ಕರೆಯುವುದು ಹೇಗೆ?

ಅವನೇ ಫೋನ್ ಮಾಡಿದ.

"ಈ ವಾರ ಏನೂ ಕೆಟ್ಟಿಲ್ಲೇನ್ರಿ?"

"ಏನೂ ಕೆಟ್ಟಿಲ್ಲ. ಕೆಡೂದೂ ಇಲ್ಲ," ಎಂದು ಇಟ್ಟುಬಿಟ್ಟಳು. ಇಟ್ಟ ಮೇಲೆ ಅತ್ತಳು.

ಎರಡು ದಿನ ಬಿಟ್ಟು ಖಾದರಸಾಬರು ಪತ್ರಿಕೆ ಕಟ್ಟುತ್ತ ಹೇಳಿದರು, "ನಮ್ಮ ಚನ್ನೇಶ ಐತವಾರ ಹೆಣ್ಣು ನೋಡಾಕ ಹಂಸಭಾವಿಗೆ ಹೊಂಟಾನಂತವಾ. ಅವನ ಪತ್ರಿಕಾನೂ ನೀನ ಮಾಡಬೇಕಾಕ್ಕೈತಿ ನೋಡು."

ವಿದ್ಯಾಶ್ರೀಯ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಅವನ ಹೆಸರಿನ ಪಕ್ಕ ಬೇರೆ ಹೆಸರು... ತನ್ನ ಕೈಯಾರೆ?

ಖಾದರಸಾಬರು ನಮಾಜಿಗೆ ಹೋದದ್ದೇ ತಡ, ಸೆಟ್ಟಿಂಗನ್ನು ಮತ್ತೆ ಜರ್ಮನಿಗೆ ತಿರುಗಿಸಿ ಫೋನ್ ಹಚ್ಚಿದಳು.

"ಮತ್ತ ಕೆಟ್ಟೈತ್ರಿ. ಜಲ್ದಿ ಬರ್ರಿ."

ಬಂದ. ಪರದೆಯ ಮೂಲೆ ನೋಡಿದ. ಅಲ್ಲಿನ ಕೀಬೋರ್ಡ್ ಪಟ್ಟಿಯಲ್ಲಿ ಅಮೆರಿಕವೂ ಇತ್ತು, ಜರ್ಮನಿಯೂ ಇತ್ತು.

"ಇದನ್ನ ನೀವ ಕೆಡಿಸೀರಿ," ಎಂದ ಮೆಲ್ಲಗೆ.

"ಹೌದು. ನೀವು ಮೊದಲನೇ ದಿನಾನ ಎಲ್ಲಾ ಸರಿ ಮಾಡಬಹುದಿತ್ತು. ಯಾಕ ಮಾಡ್ಲಿಲ್ಲ?"

ಅವನು ತಲೆ ತಗ್ಗಿಸಿದ.

"ಒಮ್ಮೆಲೆ ಸರಿ ಮಾಡಿದ್ರ ಮತ್ತ ಯಾವ ನೆವಾ ಹೇಳಿ ಬರ್ಲಿ? ಮನಸಿನಾಗಿಂದು ಹೇಳಾಕ ಧೈರ್ಯ ಇರ್ಲಿಲ್ಲ. ಮೊನ್ನಿ ನೀವು ಕೆಡೂದೂ ಇಲ್ಲ ಅಂದ್ರಿ... ಅವ್ವ ಹಂಸಭಾವಿ ಅಂದ್ಲು, ಹೂಂ ಅಂದೆ."

ಅವಳ ಕಣ್ಣು ತುಂಬಿದವು.

"ಹೋಗಬ್ಯಾಡ್ರಿ," ಎಂದಳು. "ನಿಮ್ಮ ಪತ್ರಿಕಾದಾಗ ಬ್ಯಾರೆ ಹೆಸರು ಬರ್ಯಾಕ ನನ್ನ ಕೈಲೆ ಆಗೂದಿಲ್ಲ."

ಚನ್ನೇಶ ಅಲ್ಲೇ ಫೋನ್ ತೆಗೆದು ಅವ್ವನಿಗೆ ಹಚ್ಚಿದ. "ಅವ್ವಾ, ಹಂಸಭಾವಿಗೆ ಬ್ಯಾಡ. ಸವಣೂರಿಗೆ ಹೋಗೂಣು."

ಆಮೇಲೆ ಅವಳ ಕಡೆ ತಿರುಗಿ ಕೇಳಿದ, "ಐತವಾರ ನಿಮ್ಮ ಮನಿಗೆ ಬರ್ಲೇನು?"

"ಮನ್ಯಾಗ ಏನೂ ಕೆಟ್ಟಿಲ್ಲ ಮತ್ತ."

"ಗೊತ್ತೈತಿ. ನೆವಾ ಇಲ್ದನ ಬರ್ತೇನಿ."