ಮುನಿಗಂಗಮ್ಮನವರ ನೀರಿನ ಮಡಕೆ

ರಾಜಾನುಕುಂಟೆಯ ನಮ್ಮ ಕಲಾ ಕಾಲೇಜಿಗೆ ಜಮೀನು ದಾನ ಕೊಟ್ಟ ಮುನಿಗಂಗಮ್ಮನವರು ಪ್ರತಿಯಾಗಿ ಕೇಳಿದ್ದು ಒಂದೇ. ಬೇಸಿಗೆಯಲ್ಲಿ ದಾರಿಹೋಕರಿಗಾಗಿ ಗೇಟಿನ ಬಳಿ ಒಂದು ಮಡಕೆ ನೀರಿಡಬೇಕು. ಅವರು ತೀರಿಕೊಂಡ ಮೇಲೂ ಇಡುತ್ತಿದ್ದೆವು. ಈ ವರ್ಷ ಇನ್ನೊಬ್ಬ ದಾನಿ ವಾಟರ್ ಕೂಲರ್ ಕೊಟ್ಟರು. ಕ್ಯಾಂಪಸ್ಸಿನ ಉಸ್ತುವಾರಿ ನನ್ನದು. ದಿನಾ ಮಡಕೆಯ ಪಾಚಿ ತೊಳೆಸಿ ನನಗೂ ರೇಜಿಗೆಯಾಗಿತ್ತು. ಅದನ್ನು ಒಣಗಿಸಿ, ಸ್ಟೋರ್ ರೂಮಿನಲ್ಲಿ ಬೋರಲಿಟ್ಟು ಬೀಗ ಹಾಕಿದೆ.

ಮರುದಿನ ಮಧ್ಯಾಹ್ನ ಬಾಗಿಲು ತೆಗೆದರೆ, ಆ ಉರಿಬಿಸಿಲಿನಲ್ಲಿ, ತಗಡಿನ ಸೂರಿನ ಕೆಳಗೆ, ಒಳಗೆಲ್ಲ ಕೊರೆಯುವ ತಂಪು. ಲಾವಂಚದ ಪರಿಮಳ. ಮಡಕೆ ನೆಟ್ಟಗೆ ಕೂತಿತ್ತು. ಕಂಠದವರೆಗೂ ನೀರು ತುಂಬಿ ಮೈಯೆಲ್ಲ ಬೆವರಿತ್ತು. ಆ ಕೋಣೆಗೆ ನಲ್ಲಿಯೇ ಇಲ್ಲ.

ಮುನಿಗಂಗಮ್ಮನವರ ಸೊಸೆ ರಾಮಲಕ್ಷ್ಮಮ್ಮನವರನ್ನು ಕರೆಸಿದೆ. ಅವರು ಬೊಗಸೆಯಲ್ಲಿ ನೀರು ತೆಗೆದು ಕುಡಿದರು.

"ಲಾವಂಚದ ಬೇರು ಹಾಕ್ತಿದ್ದಿದ್ದು ನಮ್ಮತ್ತೆ ಒಬ್ರೇ ಸಾರ್. ಇದು ನಮ್ಮ ಹಳೇ ಬಾವಿ ನೀರು. ಈ ರುಚಿ ಎಲ್ಲಿ ಮರೀತೀನಿ?"

ಆ ಬಾವಿ ಮುಚ್ಚಿಸಿ ಅದರ ಮೇಲೆಯೇ ನಾವು ಲೈಬ್ರರಿ ಕಟ್ಟಿದ್ದೇವೆ.

ಮಡಕೆಗೆ ಕೈಮುಗಿದು, ಅದನ್ನು ಗೇಟಿನ ಬಳಿಗೆ ತಂದಿಟ್ಟೆ. ಬೇಸಿಗೆಯುದ್ದಕ್ಕೂ ಜನ ಕುಡಿದರು. ನಾವ್ಯಾರೂ ಅದಕ್ಕೆ ಒಂದು ಚೊಂಬು ನೀರನ್ನೂ ಹೊಯ್ದಿಲ್ಲ.