ಮೂರಡಿ ಆಳದ ಉಪ್ಪು

ಆರು ಗಾಲಿಗಳ ನೆಲನೋಟಕ ಯಂತ್ರ ಕರಿಮಣ್ಣಿನ ಹೊಲದಲ್ಲಿ ಸಾಲು ಹಿಡಿದು ಸಾಗುತ್ತಿತ್ತು. ಅದು ನೆಲದೊಳಕ್ಕೆ ಸೂಕ್ಷ್ಮ ತರಂಗಗಳನ್ನು ಇಳಿಸಿ, ಎಲ್ಲಿ ತೇವವಿದೆ, ಎಲ್ಲಿ ಸಾರ ಕಡಿಮೆ, ಎಲ್ಲಿಗೆ ಎಷ್ಟು ಗೊಬ್ಬರ ಬೇಕು ಎಂಬುದನ್ನು ಅಳೆದು ಪರದೆಯ ಮೇಲೆ ಬಣ್ಣದ ನಕಾಶೆ ಬಿಡಿಸುತ್ತಿತ್ತು. ಇಡೀ ಹೊಲಕ್ಕೆ ಒಂದೇ ಮದ್ದು ಎಂಬ ಕಾಲ ಮುಗಿದಿತ್ತು. ಈಗ ಗೇಣು ಗೇಣಿಗೂ ಬೇರೆ ಆರೈಕೆ.

ಬದುವಿನ ಮೇಲೆ ಕುಳಿತ ಶಿವಲೀಲಾಳ ಬೆರಳು ತೊಡೆಯ ಮೇಲಿದ್ದ ಆ ಪರದೆಯ ಹತ್ತಿರ ಹೋಗಿ ಹೋಗಿ ಹಿಂದೆ ಸರಿಯುತ್ತಿತ್ತು.

“ಒತ್ತವ್ವ, ಅದೇನ್ ಕಚ್ಚತೈತೇನು?” ಎಂದಳು ರೊಟ್ಟಿಯ ಗಂಟು ಬಿಚ್ಚುತ್ತಿದ್ದ ಅತ್ತೆ ಕಾಶವ್ವ.

ಯಂತ್ರ ನಡೆಸುವುದನ್ನು ಕಲಿಸಲು ಬಂದಿದ್ದ ಮಣ್ಣುವಿಜ್ಞಾನಿ ವೈಜಯಂತಿ ನಕ್ಕರು. ಮರುಕ್ಷಣವೇ ಅವರ ಹುಬ್ಬು ಗಂಟಿಕ್ಕಿತು. ನಕಾಶೆಯಲ್ಲಿ ಬನ್ನಿಮರದ ಬಳಿ, ನೆಲದ ಮೇಲಾದರೆ ಮೊರದಷ್ಟಗಲದ, ಒಂದು ಬಿಳಿ ಚುಕ್ಕೆ ಮೂಡಿತ್ತು.

“ಉಪ್ಪು! ಅದೂ ಮೂರಡಿ ಕೆಳಗೆ. ನೆಲ ಸವುಳಾಗಿದ್ದರೆ ಹೊಲವೆಲ್ಲ ಹರಡಬೇಕಿತ್ತು. ಇಷ್ಟೇ ಜಾಗಕ್ಕೆ ಹೇಗೆ ಬಂತು? ಇರಲಿ, ‘ಅಗೆಯಲೇ?’ ಎಂದು ಕೇಳುತ್ತಿದೆ, ‘ಹೌದು’ ಒತ್ತಿ ಶಿವಲೀಲಾ. ಯಂತ್ರವೇ ಅಗೆದು ಹೊರಗೆ ಹಾಕುತ್ತದೆ.”

ಶಿವಲೀಲಾಳ ಬೆರಳು ಗಾಳಿಯಲ್ಲೇ ನಿಂತಿತು. ಹೆಸರಿಡುವ ಮೊದಲೇ ಕಣ್ಣುಮುಚ್ಚಿದ ತನ್ನ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಾವ ಹೊಲಕ್ಕೆ ಹೊರಟಾಗ, ಗುಂಡಿಗೆ ಹಾಕಲೆಂದು ಅಡುಗೆಮನೆಯ ಉಪ್ಪಿನ ಗಡಿಗೆಯನ್ನು ಎತ್ತಿಕೊಟ್ಟವಳು ಅವಳೇ. ಹೆತ್ತವಳಿಗೆ ಜಾಗ ತೋರಿಸಬಾರದು, ತೋರಿಸಿದರೆ ಅಲ್ಲೇ ಕುಳಿತುಬಿಡುತ್ತಾಳೆ ಎಂಬುದು ಊರಿನ ಪದ್ಧತಿ. ಮಾವ ಹೇಳದೆಯೇ ತೀರಿಕೊಂಡರು. ಅಂದಿನಿಂದ ಈ ಹೊಲದಲ್ಲಿ ನಡೆಯುವಾಗಲೆಲ್ಲ ಎಲ್ಲಿ ತುಳಿದೆನೋ ಎಂಬ ಅಂಜಿಕೆ ಅವಳನ್ನು ಬಿಟ್ಟಿರಲಿಲ್ಲ.

“ಅಗೀಬ್ಯಾಡ್ರಿ ಮೇಡಂ,” ಎಂದಳು. “ನನ್ನ ಕೂಸು ಅಲ್ಲೈತ್ರಿ.”

ವೈಜಯಂತಿ ಚುಕ್ಕೆಯ ಸುತ್ತ ಬೆರಳಿನಿಂದ ಗೆರೆ ಎಳೆಯುವುದನ್ನು ಕಲಿಸಿದರು. ಆ ಗೆರೆಯನ್ನು ಯಂತ್ರ ಎಂದೂ ದಾಟದು. ಶಿವಲೀಲಾ ನಿದ್ದೆಗಣ್ಣಿನ ಮಗುವಿಗೆ ಹೊದಿಸುವಷ್ಟು ಮೆಲ್ಲಗೆ ಗೆರೆ ಎಳೆದಳು. ಈ ಸಲ ಬೆರಳು ಹಿಂದೆ ಸರಿಯಲಿಲ್ಲ.

ಕಾಶವ್ವನ ಕೈಯಲ್ಲಿ ಮುರಿದ ರೊಟ್ಟಿ ಹಾಗೇ ಇತ್ತು. ಅದನ್ನು ಗಂಟಿನ ಮೇಲಿಟ್ಟು, ಯಂತ್ರ ಇನ್ನೂ ಹೋಗದ ಮೂಲೆಯ ಕಡೆ ಕೈ ತೋರಿದಳು.

“ಲೀಲವ್ವ, ಅದನ್ನ ಆ ಕಡೀಕೂ ಒಮ್ಮೆ ಓಡಸವ್ವ. ನಂದೂ ಎರಡ ಅದಾವ. ನಿಮ್ಮ ಮಾವ ನನಗೂ ಜಾಗಾ ಹೇಳಲಿಲ್ಲ.”